ಹ್ಯಾಲೋಜನ್ ಬಲ್ಬು ಪದೇ ಪದೇ ಹೋಗ್ತಿದೆಯಾ? ಹೊಸದು ತರುವ ಮುಂಚೆ ಹಳೆಯದನ್ನು ನೋಡಿ

ಕಾಫಿ ಕೊಯ್ಲು ಶುರುವಾದರೆ ಸಾಕು, ಸಕಲೇಶಪುರ, ಮೂಡಿಗೆರೆ ಕಡೆಯವರು ಕೇಳುವ ಪ್ರಶ್ನೆ ಒಂದೇ. "ಕಣದ ಹ್ಯಾಲೋಜನ್ ಮತ್ತೆ ಹೋಯ್ತು, ಈ ಸಲ ಯಾವ ಕಂಪನಿದು ಹಾಕ್ಲಿ?" ಹೋಂಸ್ಟೇ ಇಟ್ಟವರದ್ದು ಊಟದ ಮೇಜಿನ ಮೇಲಿನ ಪುಟ್ಟ ಬಲ್ಬಿನ ಗೋಳು. ಹಾಸನ ಪೇಟೆಯವರದ್ದು ದೇವರ ಮನೆ, ಶೋಕೇಸಿನ ಬಲ್ಬು. ಕಂಪನಿ ಬದಲಾಯಿಸಿ ನೋಡಿರುತ್ತಾರೆ. ಎರಡು ವಾರಕ್ಕೆ ಮತ್ತೆ ಕತ್ತಲು.

ತಪ್ಪು ಎಲ್ಲರದ್ದೂ ಒಂದೇ. ಮೊದಲು ಹೊಸ ಬಲ್ಬು ಹಾಕುತ್ತಾರೆ, ಅದೂ ಹೋದ ಮೇಲೆ ಕಾರಣ ಹುಡುಕುತ್ತಾರೆ. ಅಷ್ಟರಲ್ಲಿ ಹಳೆ ಬಲ್ಬು ತಿಪ್ಪೆ ಸೇರಿರುತ್ತದೆ. ಆದರೆ ಯಾಕೆ ಹೋಯಿತು ಅನ್ನುವ ಗುರುತು ಇರುವುದು ಅದರ ಮೈಮೇಲೆಯೇ. ಅದಕ್ಕೇ ಇಲ್ಲಿ ಹೊಸ ಬಲ್ಬು ಹಾಕುವುದನ್ನು ಏಳನೇ ಹಂತಕ್ಕೆ ಇಟ್ಟಿದ್ದೇನೆ. ದಯವಿಟ್ಟು ಹಾರಿ ಅಲ್ಲಿಗೆ ಹೋಗಬೇಡಿ.

## ಮೊದಲು ಇವನ್ನು ಜೋಡಿಸಿಕೊಳ್ಳಿ

ಟೆಸ್ಟರ್ ಒಂದರಿಂದ ಈ ಕೆಲಸ ಆಗುವುದಿಲ್ಲ. ಟೆಸ್ಟರ್ ಕರೆಂಟು ಇದೆಯಾ ಇಲ್ಲವಾ ಅಂತ ಹೇಳುತ್ತದೆ, ಎಷ್ಟಿದೆ ಅಂತ ಹೇಳುವುದಿಲ್ಲ. ಡಿಜಿಟಲ್ ಮಲ್ಟಿಮೀಟರ್ ಬೇಕು. ಅದನ್ನು ಹಿಡಿಯಲು ಹೆದರಿಕೆ ಆದರೆ ಸಾಕೆಟ್ಟಿಗೆ ಚುಚ್ಚಿ ವೋಲ್ಟೇಜ್ ತೋರಿಸುವ ಪುಟ್ಟ ಮೀಟರ್ ತನ್ನಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಮನೆಯವರು ಯಾರು ಬೇಕಾದರೂ ನೋಡಬಹುದು.

ಜೊತೆಗೆ ಸ್ಕ್ರೂಡ್ರೈವರ್, ಗಟ್ಟಿ ಏಣಿ, ಟಾರ್ಚ್, ಒಗೆದ ಒಣ ಹತ್ತಿ ಬಟ್ಟೆ, ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್, ಒಂದು ಮಾರ್ಕರ್ ಪೆನ್ನು. ಸ್ಪಿರಿಟ್ ಬದಲು ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ. ಎಷ್ಟೋ ಸ್ಯಾನಿಟೈಸರ್‌ಗಳಲ್ಲಿ ಗ್ಲಿಸರಿನ್ ಇರುತ್ತದೆ, ಅದು ಗಾಜಿನ ಮೇಲೆ ಹಾಗೇ ಉಳಿದುಬಿಡುತ್ತದೆ.

## ಹಂತ 1: ನಿಮ್ಮದು ಯಾವ ಬಲ್ಬು, ಎಷ್ಟು ಗಂಟೆ ಉರಿದಿದೆ?

ನಮ್ಮ ಕಡೆ ಅಂಗಳಕ್ಕೆ ಹಾಕುವ ದೊಡ್ಡ ಲೈಟೆಲ್ಲ "ಹ್ಯಾಲೋಜನ್ನೇ". ಈಗ ಅಂಗಡಿಯಲ್ಲಿ ಹ್ಯಾಲೋಜನ್ ಕೊಡಿ ಅಂದರೆ ಎಲ್ಇಡಿ ಫ್ಲಡ್ ಲೈಟ್ ಎತ್ತಿ ಕೊಡುತ್ತಾರೆ. ನಿಮ್ಮದು ನಿಜವಾದ ಹ್ಯಾಲೋಜನ್ ಆಗಿದ್ದರೆ ಮಾತ್ರ ಮುಂದೆ ಓದಿ. ಗುರುತು ಸುಲಭ: ಪಾರದರ್ಶಕ ಗಾಜು, ಒಳಗೆ ಸುರುಳಿ ತಂತಿ, ಹಚ್ಚಿದ ಕೂಡಲೇ ಪೂರ್ತಿ ಬೆಳಕು, ಹತ್ತಿರ ಕೈ ತಂದರೆ ಒಲೆಯ ಹಾಗೆ ಶಾಖ.

ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು ಬಗೆ. ಅಂಗಳದ ಕಡ್ಡಿಯಂಥ ಉದ್ದ ಬಲ್ಬು, ಎರಡೂ ತುದಿಗೆ ಕಾಂಟ್ಯಾಕ್ಟ್ ಇರುವಂಥದ್ದು. 300, 500 ವ್ಯಾಟಿನದು ಸುಮಾರು 118 ಮಿ.ಮೀ. ಉದ್ದ ಇರುತ್ತದೆ. ಎರಡನೆಯದು ನೇರ 230 ವೋಲ್ಟಿಗೆ ಹಾಕುವ ಚಿಕ್ಕ ಸ್ಪಾಟ್ ಬಲ್ಬು. ಮೂರನೆಯದು ಸೂಜಿಯಂಥ ಎರಡು ಪಿನ್ನಿನ 12 ವೋಲ್ಟಿನದು. ಇದಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು. ನಮ್ಮ ಎಲೆಕ್ಟ್ರಿಷಿಯನ್‌ಗಳು ಅದನ್ನೂ "ಚೋಕ್" ಅಂತಲೇ ಕರೆಯುವುದು.

ಈಗ ಲೆಕ್ಕ ಹಾಕಿ. ಹ್ಯಾಲೋಜನ್ನಿನ ಆಯಸ್ಸು ಸಾಮಾನ್ಯವಾಗಿ 2000 ಗಂಟೆಯ ಆಸುಪಾಸು, ಕೆಲವು ಬಗೆಗೆ ಇನ್ನೂ ಜಾಸ್ತಿ. ಆನೆ ಬರುತ್ತದೆ ಅಂತ ಸಂಜೆ ಆರಕ್ಕೆ ಹಚ್ಚಿ ಬೆಳಿಗ್ಗೆ ಆರಕ್ಕೆ ಆರಿಸುವ ಮನೆಗಳಿವೆ. ದಿನಕ್ಕೆ 12 ಗಂಟೆ. 2000 ಗಂಟೆ ಅಂದರೆ ಐದೂವರೆ ತಿಂಗಳು, ಅಷ್ಟೇ. ನಿಮ್ಮ ಬಲ್ಬು ಐದು ತಿಂಗಳು ಬಂದಿದ್ದರೆ ಅದು ಕೆಟ್ಟು ಹೋಗಿಲ್ಲ, ಆಯಸ್ಸು ಮುಗಿಸಿ ಹೋಗಿದೆ. ಸುಮ್ನೆ ವೈರಿಂಗ್ ಕೆದಕಬೇಡಿ, ಕೊನೆಯ ಭಾಗದಲ್ಲಿರುವ ಎಲ್ಇಡಿ ವಿಷಯ ಓದಿ. ಎರಡು ತಿಂಗಳೊಳಗೇ ಹೋಗುತ್ತಿದ್ದರೆ ಮಾತ್ರ ಬೇರೆ ಏನೋ ತೊಂದರೆ ಇದೆ.

## ಹಂತ 2: ಹೋದ ಬಲ್ಬಿನ ಪೋಸ್ಟ್‌ಮಾರ್ಟಂ

ಎಂಸಿಬಿ, ಅಂದರೆ ಬೋರ್ಡಿನ ಟ್ರಿಪ್ ಸ್ವಿಚ್ಚು, ಇಳಿಸಿ. ಬರೀ ಸ್ವಿಚ್ ಆರಿಸಿದರೆ ಸಾಲದು, ಎಷ್ಟೋ ಹಳೆ ಮನೆಗಳಲ್ಲಿ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ ವೈರಿಗೆ ಹಾಕಿರುತ್ತಾರೆ, ಆಗ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಹತ್ತು ಹದಿನೈದು ನಿಮಿಷ ತಣಿಯಲು ಬಿಟ್ಟು ಬಲ್ಬು ತೆಗೆಯಿರಿ.

ಮೊದಲ ಕೆಲಸ, ಅದು ನಿಜಕ್ಕೂ ಹೋಗಿದೆಯಾ ಅಂತ ನೋಡುವುದು. ಮಲ್ಟಿಮೀಟರನ್ನು ಓಮ್ಸ್‌ಗೆ ತಿರುಗಿಸಿ ಎರಡು ತುದಿಗೆ ಮುಟ್ಟಿಸಿ. ಚೆನ್ನಾಗಿರುವ 500 ವ್ಯಾಟಿನ ಬಲ್ಬು ತಣ್ಣಗಿದ್ದಾಗ ಕೆಲವೇ ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ಓಮ್ ತೋರಿಸಿದರೆ ಬಲ್ಬು ಬದುಕಿದೆ, ಸತ್ತಿರುವುದು ಹೋಲ್ಡರ್ ಇಲ್ಲವೇ ವೈರು. ಜೀವ ಇರುವ ಬಲ್ಬನ್ನು ಬಿಸಾಡಿದವರು ಒಬ್ಬಿಬ್ಬರಲ್ಲ.

ಆಮೇಲೆ ಬೆಳಕಿಗೆ ಹಿಡಿದು ನೋಡಿ.

ತುದಿಯ ಲೋಹ ಕಪ್ಪಾಗಿದೆ, ಸಣ್ಣ ಗುಳಿ ಬಿದ್ದಿದೆ. ಹೋಲ್ಡರಿನಲ್ಲಿ ಲೂಸ್ ಇದೆ, ಒಳಗೇ ಸ್ಪಾರ್ಕ್ ಆಗುತ್ತಿತ್ತು. ಹಂತ 4 ನಿಮ್ಮದು.

ಗಾಜು ಒಂದು ಕಡೆ ಉಬ್ಬಿದೆ, ಅಥವಾ ಬೆರಳಗಲದ ಬಿಳಿ ಮಂಕು ಕಲೆ ಇದೆ. ಹಾಕುವಾಗ ಬರಿಗೈಲಿ ಮುಟ್ಟಿದ್ದೀರಿ. ಹಂತ 7ರಲ್ಲಿ ವಿವರ ಇದೆ.

ಒಳಗೆ ಬಿಳಿ ಅಥವಾ ಹಳದಿ ಪುಡಿ. ಗಾಜು ಎಲ್ಲೋ ಸೀಳಿ ಗಾಳಿ ಒಳಗೆ ಹೋಗಿದೆ. ಬಿಸಿ ಗಾಜಿನ ಮೇಲೆ ನೀರು ಬಿದ್ದಿರಬಹುದು, ಇಲ್ಲವೇ ತುದಿ ಅತಿಯಾಗಿ ಕಾದಿರಬಹುದು.

ಒಳಗಡೆ ಕನ್ನಡಿಯಂತೆ ಕಪ್ಪು. ಬಲ್ಬು ಸಾಕಷ್ಟು ಬಿಸಿಯಾಗದೆ ಮಂದವಾಗಿ ಉರಿದಿದೆ. ಬೆಳಕು ಏರಿಳಿಸುವ ಡಿಮ್ಮರ್ ಇದ್ದವರಲ್ಲಿ ಜಾಸ್ತಿ.

ತಂತಿಯ ತುಂಡಾದ ಜಾಗದಲ್ಲಿ ಕರಗಿದ ಗುಂಡಿ, ಉಳಿದದ್ದು ಜೋತು ಬಿದ್ದಿದೆ. ವೋಲ್ಟೇಜ್ ಮೇಲೆ ಅನುಮಾನ ಪಡಿ.

ಗಾಜು ಸ್ವಚ್ಛ, ತಂತಿ ಒಂದೇ ಕಡೆ ತುಂಡು. ಅಲುಗಾಟ, ಅಥವಾ ಹಚ್ಚುವಾಗಿನ ಹೊಡೆತ. ತಣ್ಣಗಿನ ತಂತಿಗೆ ಕರೆಂಟು ಕೊಟ್ಟ ಕ್ಷಣದಲ್ಲಿ ಮಾಮೂಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕರೆಂಟು ನುಗ್ಗುತ್ತದೆ. ನಾಯಿ ಓಡಾಡಿದರೂ ಹತ್ತುವ ಸೆನ್ಸರ್ ಲೈಟುಗಳು ಬೇಗ ಸಾಯುವುದು ಇದಕ್ಕೇ.

ಈ ಬಲ್ಬನ್ನು ಎಸೆಯಬೇಡಿ. ಮುಂದಿನದು ಹೋದಾಗ ಪಕ್ಕದಲ್ಲಿಟ್ಟು ನೋಡಲು ಬೇಕು. ಎರಡೂ ಒಂದೇ ರೀತಿ ಸತ್ತಿದ್ದರೆ ಕಾರಣ ಖಚಿತ.

## ಹಂತ 3: ವೋಲ್ಟೇಜನ್ನು ರಾತ್ರಿ ನೋಡಿ, ಮಧ್ಯಾಹ್ನ ಅಲ್ಲ

ಮಲೆನಾಡಿನಲ್ಲಿ ಬಹಳ ಬಲ್ಬು ಸಾಯುವುದು ಇಲ್ಲಿ ಅಂತ ನನ್ನ ಅಭಿಪ್ರಾಯ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮನೆ ಕಣದ 500 ವ್ಯಾಟಿನ ಬಲ್ಬು ಒಂದು ವರ್ಷ ಫೆಬ್ರವರಿಯಿಂದ ಮಾರ್ಚ್ ಒಳಗೆ ಮೂರು ಸಲ ಹೋಯಿತು. ಎಲೆಕ್ಟ್ರಿಷಿಯನ್ ಬಂದ, ಮೀಟರ್ ಇಟ್ಟ. 228 ವೋಲ್ಟ್. "ವೋಲ್ಟೇಜ್ ಸರಿಯಾಗೇ ಐತಲ್ಲಣ್ಣ, ಬಲ್ಬೇ ಡೂಪ್ಲಿಕೇಟು" ಅಂದ. ಆಗ ಹಗಲು ಹನ್ನೆರಡು ಗಂಟೆ. ಕಾಫಿ ಹೂವಿಗೆ ನೀರು ಹೊಡೆಯುವ ಕಾಲ, ಕೆಳಗಿನ ಕೆರೆಯಲ್ಲಿ ಅಕ್ಕಪಕ್ಕದವರ ಪಂಪು ಎಲ್ಲ ಓಡುತ್ತಿದ್ದವು. ರಾತ್ರಿ ಪಂಪುಗಳ ಸದ್ದು ನಿಂತ ಮೇಲೆ, ಹನ್ನೊಂದೂವರೆಗೆ, ನಾನೇ ಮೀಟರ್ ಇಟ್ಟೆ. 256. ಬಲ್ಬು ಹಳದಿ ಬಿಟ್ಟು ಬೆಳ್ಳಗೆ ಉರಿಯುತ್ತಿತ್ತು. ಒಳ್ಳೆ ಬೆಳಕು ಅಂತ ಅಷ್ಟು ದಿನ ಖುಷಿಪಟ್ಟಿದ್ದೆ.

ಲೈನಿನ ಮೇಲೆ ಹೊರೆ ಇದ್ದಾಗ ವೋಲ್ಟೇಜ್ ಇಳಿಯುತ್ತದೆ, ಹೊರೆ ಹೋದಾಗ ಏರುತ್ತದೆ. ಟಿಸಿಗೆ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿಗೆ, ಹತ್ತಿರದ ಮನೆಗಳಲ್ಲಿ ವೋಲ್ಟೇಜ್ ಇನ್ನೂ ಜಾಸ್ತಿ. ಫ್ಯಾನು, ಫ್ರಿಜ್ಜು ಇದನ್ನು ಹೇಗೋ ತಡೆದುಕೊಳ್ಳುತ್ತವೆ. ಹ್ಯಾಲೋಜನ್ ತಡೆಯುವುದಿಲ್ಲ. ವೋಲ್ಟೇಜ್ ಶೇಕಡ 5 ಜಾಸ್ತಿಯಾದರೆ, ಅಂದರೆ 230 ಇರಬೇಕಾದದ್ದು ಸುಮಾರು 241 ಆದರೆ, ಆಯಸ್ಸು ಹೆಚ್ಚು ಕಡಿಮೆ ಅರ್ಧ. ಶೇಕಡ 10 ಜಾಸ್ತಿ, ಅಂದರೆ 253 ಆದರೆ, ಮೂರನೇ ಒಂದು ಭಾಗಕ್ಕೂ ಕಡಿಮೆ. 2000 ಗಂಟೆಯ ಬಲ್ಬು 600 ಗಂಟೆಗೆ ಮುಗಿಯುತ್ತದೆ. ರಾತ್ರಿಯಿಡೀ ಉರಿಸಿದರೆ 50 ದಿನ.

ಆದ್ದರಿಂದ ಮೂರು ಹೊತ್ತು ಅಳೆಯಿರಿ: ಸಂಜೆ ಏಳಕ್ಕೆ, ರಾತ್ರಿ ಹನ್ನೊಂದರ ಮೇಲೆ, ಬೆಳಗಿನ ಜಾವ ಐದಕ್ಕೆ. ಮೂರು ದಿನ ಬರೆದಿಡಿ. ಅಳೆಯುವುದು ಒಳಗಿನ ಸಾಕೆಟ್ಟಿನಲ್ಲಿ, ತೆರೆದ ಹೋಲ್ಡರಿನಲ್ಲಿ ಅಲ್ಲ. ಮಲ್ಟಿಮೀಟರನ್ನು ಎಸಿ ವೋಲ್ಟಿನ 600 ಅಥವಾ 750 ಅನ್ನುವ ಅಂಕಿಗೆ ತಿರುಗಿಸಿಡಿ. ಕಾಲಿಗೆ ಒಣ ಚಪ್ಪಲಿ ಇರಲಿ, ಮೀಟರಿನ ವೈರಿನ ತುದಿಯ ಲೋಹಕ್ಕೆ ಬೆರಳು ತಾಗದಿರಲಿ.

ಬಲ್ಬಿನ ಮೇಲೆ ಬರೆದ ವೋಲ್ಟೇಜನ್ನೂ ಓದಿ. 220 ಅಂತ ಬರೆದ ಬಲ್ಬುಗಳು ಸಿಗುತ್ತವೆ. ಅದನ್ನು 240ಕ್ಕೆ ಹಾಕಿದರೆ ಶೇಕಡ 9 ಜಾಸ್ತಿ ಕೊಟ್ಟ ಹಾಗಾಯಿತು.

ರಾತ್ರಿ 245ರ ಮೇಲೇ ನಿಲ್ಲುತ್ತಿದ್ದರೆ ಮೂರು ದಾರಿ. ಮೊದಲು ವಿದ್ಯುತ್ ಕಂಪನಿಗೆ ದೂರು ಕೊಡಿ. ಹಾಸನ ಜಿಲ್ಲೆಗೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ, ಎರಡಕ್ಕೂ 1912. "ಬಲ್ಬು ಹೋಗ್ತಿದೆ" ಅನ್ನಬೇಡಿ, ತಾರೀಖು, ಗಂಟೆ, ವೋಲ್ಟ್ ಬರೆದ ಚೀಟಿ ಮುಂದಿಟ್ಟುಕೊಂಡು ಹೇಳಿ. ಎರಡನೆಯದು, 240 ವೋಲ್ಟ್ ಅಂತ ಬರೆದ ಬಲ್ಬು ಹುಡುಕಿ. ಬೆಳಕು ಕೊಂಚ ಕಡಿಮೆ, ಬಾಳಿಕೆ ಜಾಸ್ತಿ. ಮೂರನೆಯದು ಲೈಟಿನ ಲೈನಿಗೆ ಸ್ಟೆಬಿಲೈಜರ್. ಒಂದು ಬಲ್ಬಿಗೋಸ್ಕರ ಸ್ಟೆಬಿಲೈಜರ್ ತರುವುದು ದುಂದು. ಮನೆಯಲ್ಲಿ ಬೇರೆ ಸಾಮಾನೂ ಸುಡುತ್ತಿದ್ದರೆ ಮಾತ್ರ ಯೋಚಿಸಿ.

ಜನರೇಟರ್ ಇಟ್ಟುಕೊಂಡವರು ಅದರ ಮೇಲೂ ಒಮ್ಮೆ ಅಳೆಯಬೇಕು. ಆಕ್ಸಿಲರೇಟರ್ ಕೈಯಲ್ಲಿ ಎಳೆದು ಓಡಿಸುವ ಹಳೆ ಜನರೇಟರುಗಳಲ್ಲಿ ವೋಲ್ಟೇಜ್ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ತಕ್ಷಣ ಮೈನ್ ಇಳಿಸಬೇಕಾದ ಸೂಚನೆ: ಕೆಲವು ಬಲ್ಬು ಕಣ್ಣು ಕುಕ್ಕುವಷ್ಟು ಜೋರು, ಕೆಲವು ಮಂಕು. ಮಿಕ್ಸಿ ಹಾಕಿದರೆ ಇನ್ನೊಂದು ಕೋಣೆಯ ಲೈಟು ಜೋರಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ಕಡಿದಾಗ ಹೀಗಾಗುತ್ತದೆ. ಮನೆಗೆ 230ರ ಬದಲು 400ರ ಹತ್ತಿರ ಬರಬಹುದು. ಆಗ ಮೀಟರ್ ಹುಡುಕುತ್ತಾ ನಿಲ್ಲಬೇಡಿ. ಮೈನ್ ಇಳಿಸಿ, 1912ಕ್ಕೆ ಫೋನ್ ಮಾಡಿ.

## ಹಂತ 4: ಹೋಲ್ಡರ್ ಮತ್ತು ವೈರು

ಎಂಸಿಬಿ ಇಳಿದಿದೆ ಅಂತ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಿ. ಉದ್ದ ಬಲ್ಬಿನ ಹೋಲ್ಡರಿನಲ್ಲಿ ಸ್ಪ್ರಿಂಗ್ ಇರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ಬಿಡಿ. ಟಪ್ ಅಂತ ವಾಪಸ್ ಬರಬೇಕು. ಶಾಖಕ್ಕೆ ಸ್ಪ್ರಿಂಗ್ ಸತ್ತಿದ್ದರೆ ಸೋಮಾರಿಯಂತೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಅಂಥ ಹೋಲ್ಡರಿಗೆ ಎಂಥ ಬಲ್ಬು ಹಾಕಿದರೂ ತಿಂಗಳು ಬಾಳುವುದಿಲ್ಲ.

ಕಾಂಟ್ಯಾಕ್ಟ್ ಕಪ್ಪಾಗಿದ್ದರೆ ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಒಂದು ರಾತ್ರಿ ದೂಡಲು ಸಾಕು, ಅಷ್ಟೇ. ಉಜ್ಜಿದ ಗುಳಿ ಮತ್ತೆ ಕಿಡಿ ಹಾರಿಸುತ್ತದೆ, ಹೊಸ ಬಲ್ಬಿನ ತುದಿಯನ್ನೂ ಸುಡುತ್ತದೆ. ಪಿಂಗಾಣಿ ಹೋಲ್ಡರೇ ಹೊಸದು ತನ್ನಿ, ಎರಡು ತುದಿಯದನ್ನೂ ಒಟ್ಟಿಗೆ ಬದಲಾಯಿಸಿ.

ವೈರು ಮುಟ್ಟಿ ನೋಡಿ. ಗರಿಗರಿ ಆಗಿ ಮುರಿಯುತ್ತಿದ್ದರೆ, ಅದು ಮಾಮೂಲಿ ಪಿವಿಸಿ ವೈರು, ಬೆಂದಿದೆ. ಮಾಮೂಲಿ ಪಿವಿಸಿ ತಡೆಯುವುದು 70 ಡಿಗ್ರಿ. ಫಿಟ್ಟಿಂಗಿನ ಒಳಗೆ ಅದು ಏನೇನೂ ಸಾಲದು. ಶಾಖ ತಡೆಯುವ ಸಿಲಿಕಾನ್ ವೈರು, ಅಥವಾ ಫೈಬರ್‌ಗ್ಲಾಸ್ ಕೊಳವೆ ಹೊದಿಸಿದ ವೈರು ಬೇಕು. ಇನ್ಸುಲೇಷನ್ ಟೇಪ್ ಸುತ್ತಿ ಮುಚ್ಚಿಡಬೇಡಿ, ಅದೂ ಕರಗಿ ಅಂಟಾಗುತ್ತದೆ.

## ಹಂತ 5: ಫಿಟ್ಟಿಂಗ್ ಓರೆಯಾಗಿದೆಯಾ, ನೀರು ಹೋಗಿದೆಯಾ?

ಉದ್ದ ಬಲ್ಬು ಮಲಗಿಯೇ ಉರಿಯಬೇಕು. ಸಾಮಾನ್ಯವಾಗಿ 4 ಡಿಗ್ರಿಗಿಂತ ಜಾಸ್ತಿ ಓರೆ ಆಗಬಾರದು ಅನ್ನುತ್ತಾರೆ. 118 ಮಿ.ಮೀ. ಬಲ್ಬಿಗೆ ಅದು ಸುಮಾರು 8 ಮಿ.ಮೀ. ಎತ್ತರದ ವ್ಯತ್ಯಾಸ, ಕಿರುಬೆರಳಿನ ಅಗಲಕ್ಕಿಂತ ಕಡಿಮೆ! ಲೈಟಿನ ಮುಖವನ್ನು ಮೇಲೆ ಕೆಳಗೆ ಬಗ್ಗಿಸಬಹುದು, ಪಕ್ಕಕ್ಕೆ ವಾಲಿಸಬಾರದು. ಕಣದ ಮೂಲೆಗೂ ಬೆಳಕು ಬೀಳಲಿ ಅಂತ ಒಂದೇ ಬೋಲ್ಟಿನಲ್ಲಿ ನೇತು ಹಾಕಿ ತಿರುಚಿದ ಫಿಟ್ಟಿಂಗುಗಳನ್ನು ಎಷ್ಟೋ ನೋಡಿದ್ದೇನೆ. ಅರ್ಧ ನೀರು ತುಂಬಿದ ಬಾಟಲಿಯನ್ನು ಫಿಟ್ಟಿಂಗಿನ ಮೇಲೆ ಅಡ್ಡ ಮಲಗಿಸಿದರೆ ಮಟ್ಟ ಗೊತ್ತಾಗುತ್ತದೆ. ಲೈಟು ತಣ್ಣಗಿದ್ದಾಗ ಮಾತ್ರ.

ಮುಂದಿನ ಗಾಜು ಒಡೆದಿದ್ದರೆ ಬಲ್ಬು ಹಾಕಲೇಬೇಡಿ. ಬಿಸಿ ಬಲ್ಬಿಗೆ ಒಂದು ಹನಿ ಜಡಿಮಳೆ ಸಾಕು. ಬಲ್ಬು ಸಿಡಿದರೆ ಚೂರು ಕೆಳಗಿದ್ದವರ ತಲೆಗೆ ಬೀಳದಂತೆ ತಡೆಯುವುದೂ ಅದೇ ಗಾಜು. ಸುತ್ತಲಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ವೈರು ಫಿಟ್ಟಿಂಗಿಗೆ ಕೆಳಗಿನಿಂದ ಬರಲಿ. ಮೇಲಿನಿಂದ ಬಂದರೆ ವೈರಿನ ಗುಂಟ ನೀರು ಒಳಗೇ ಇಳಿಯುತ್ತದೆ.

ಮೊದಲ ಮಳೆಗೆ ಮಳೆಹುಳ ಎದ್ದು ಫಿಟ್ಟಿಂಗಿನೊಳಗೆ ತುಂಬಿಕೊಳ್ಳುವುದು ಗೊತ್ತಲ್ಲ? ಆ ಸುಟ್ಟ ರಾಶಿ ಬಲ್ಬಿನ ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ಮಳೆಗಾಲದ ಆರಂಭದಲ್ಲಿ ಒಮ್ಮೆ ಬಿಚ್ಚಿ ಗುಡಿಸಿ.

ಒಳಗಿನ ಸ್ಪಾಟ್ ಲೈಟಿಗೆ ಇನ್ನೊಂದು ತೊಂದರೆ, ಉಸಿರುಗಟ್ಟುವುದು. ಫಾಲ್ಸ್ ಸೀಲಿಂಗಿನ ಮೇಲೆ ಗಾಳಿಗೆ ಜಾಗ ಇಲ್ಲದಿದ್ದರೆ ಬಲ್ಬಿನ ತುದಿ ಬೇಯುತ್ತದೆ. ಫಿಟ್ಟಿಂಗಿನ ಮೇಲೆ 35 ವ್ಯಾಟ್ ಅಂತ ಇದ್ದರೆ 50 ಹಾಕಬೇಡಿ. ಮರದ ಅಟ್ಟದ ಕೆಳಗಿನ ಲೈಟಾದರೆ ಅಟ್ಟದ ಮೇಲೆ ಯಾರಾದರೂ ಓಡಾಡುವಾಗ ಕೆಳಗೆ ನಿಂತು ನೋಡಿ. ಲೈಟು ನಡುಗುತ್ತಿದ್ದರೆ ಕಾರಣ ಸಿಕ್ಕಿತು. ಕಾದ ತಂತಿ ಅಲುಗಾಟ ತಡೆಯುವುದಿಲ್ಲ.

ಗೋಣಿಚೀಲದ ರಾಶಿ, ಹುಲ್ಲು, ಅಡಿಕೆ ಸಿಪ್ಪೆ, ಇವೆಲ್ಲ ಹ್ಯಾಲೋಜನ್ನಿನಿಂದ ಒಂದು ಮೀಟರಿಗಾದರೂ ದೂರ ಇರಲಿ. ಇದು ಬಲ್ಬು ಉಳಿಸಲು ಅಲ್ಲ, ಕಣದ ಮನೆ ಉಳಿಸಲು.

## ಹಂತ 6: 12 ವೋಲ್ಟಿನ ಬಲ್ಬು ಇದ್ದವರಿಗೆ ಮಾತ್ರ

ನಾಲ್ಕು ಬಲ್ಬಿಗೆ ಒಂದೇ ಚೋಕ್ ಇದೆ ಅಂದುಕೊಳ್ಳಿ. ಒಂದು ಹೋಯಿತು, ನೀವು ಬದಲಾಯಿಸಲಿಲ್ಲ. ತಾಮ್ರದ ಸುತ್ತಿನ ಭಾರವಾದ ಹಳೆ ಚೋಕ್ ಆದರೆ, ಹೊರೆ ಕಡಿಮೆಯಾದ ಕೂಡಲೇ ಉಳಿದ ಮೂರಕ್ಕೆ ವೋಲ್ಟೇಜ್ ಸ್ವಲ್ಪ ಏರುತ್ತದೆ. ಎರಡನೆಯದು ಹೋಗುತ್ತದೆ, ಮತ್ತೆ ಏರುತ್ತದೆ. "ಒಂದು ಹೋದ್ರೆ ಸಾಲಾಗಿ ಎಲ್ಲಾ ಹೋಗುತ್ವೆ" ಅನ್ನುವುದರ ಗುಟ್ಟು ಇದು. ಹೋದದ್ದನ್ನು ಆ ವಾರವೇ ಹಾಕಿ.

ಹಗುರವಾದ ಎಲೆಕ್ಟ್ರಾನಿಕ್ ಚೋಕಿಗೆ ಮಾಮೂಲಿ ಮಲ್ಟಿಮೀಟರ್ ಇಡಬೇಡಿ. ಅದರ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುತ್ತದೆ, ಮೀಟರ್ ತೋರಿಸುವ ಅಂಕಿಯನ್ನು ನಂಬುವ ಹಾಗಿಲ್ಲ. ಅನುಮಾನ ಇದ್ದರೆ ಚೋಕ್ ಬದಲಾಯಿಸಿ ನೋಡುವುದೇ ವಾಸಿ.

ಡಿಮ್ಮರ್ ಬಗ್ಗೆ ಒಂದು ಮಾತು. ಹ್ಯಾಲೋಜನ್ ಗಾಜು 250 ಡಿಗ್ರಿಗಿಂತ ಜಾಸ್ತಿ ಕಾದಿದ್ದರೆ ಮಾತ್ರ, ತಂತಿಯಿಂದ ಆವಿಯಾದ ಲೋಹವನ್ನು ಒಳಗಿನ ಅನಿಲ ವಾಪಸ್ ತಂತಿಗೆ ಸಾಗಿಸುತ್ತದೆ. ಸದಾ ಮಂದವಾಗಿ ಉರಿಸಿದರೆ ಅದು ಗಾಜಿಗೇ ಅಂಟುತ್ತದೆ. ಆಗಾಗ ಹತ್ತು ನಿಮಿಷ ಪೂರ್ತಿ ಬೆಳಕಿಗೆ ಬಿಡಿ.

## ಹಂತ 7: ಈಗ ಹೊಸ ಬಲ್ಬು

ಎಂಸಿಬಿ ಇಳಿಸಿಯೇ ಇರಲಿ. ಕೈ ತೊಳೆದು ಒರೆಸಿಕೊಳ್ಳಿ. ಬಲ್ಬನ್ನು ಪೆಟ್ಟಿಗೆಯಿಂದ ತೆಗೆಯುವಾಗಲೇ ಬಟ್ಟೆಯಲ್ಲಿ ಹಿಡಿಯಿರಿ. ಜೊತೆಗೆ ಪ್ಲಾಸ್ಟಿಕ್ ಕವರ್ ಬಂದಿದ್ದರೆ ಹಾಕಿ ಆಗುವವರೆಗೂ ಅದು ಬಲ್ಬಿನ ಮೇಲೇ ಇರಲಿ.

ಬೆರಳು ತಾಗಿದರೆ ಏನಾಗುತ್ತದೆ ಗೊತ್ತಾ? ಕೈಯಲ್ಲಿ ಎಣ್ಣೆ ಪಸೆ ಇರುತ್ತದೆ, ಬೆವರಿನ ಉಪ್ಪು ಇರುತ್ತದೆ. ಗಾಜು ನೂರಾರು ಡಿಗ್ರಿ ಕಾದಾಗ ಆ ಉಪ್ಪು ಸೇರಿ ಸ್ಫಟಿಕದ ಗಾಜು ಅಲ್ಲಿ ಮಾತ್ರ ಮಂಕಾಗಿ ದುರ್ಬಲ ಆಗುತ್ತದೆ. ನಮ್ಮತ್ತಿಗೆ ಒಮ್ಮೆ ದೇವರ ಮನೆಯ ಬಲ್ಬನ್ನು ದೀಪಕ್ಕೆ ಎಣ್ಣೆ ಹಾಕಿದ ಕೈಯಲ್ಲೇ ತಿರುಗಿಸಿ ಹಾಕಿದ್ದರು. ಹೋದ ಬಲ್ಬು ತೆಗೆದಾಗ ಹೆಬ್ಬೆರಳಿನ ಗೆರೆ ಗೆರೆ ಸಮೇತ ಬಿಳಿಯಾಗಿ ಅಚ್ಚೊತ್ತಿತ್ತು. ಪೊಲೀಸರಿಗೂ ಅಷ್ಟು ಚೆನ್ನಾಗಿ ಸಿಗಲಿಕ್ಕಿಲ್ಲ.

ಅಕಸ್ಮಾತ್ ಮುಟ್ಟಿದರೆ ಗಾಬರಿ ಬೇಡ. ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಆರಲು ಬಿಡಿ. ಹಸಿ ಇರುವಾಗ ಹಚ್ಚಬೇಡಿ, ಸ್ಪಿರಿಟ್ ಹತ್ತಿಕೊಳ್ಳುವ ವಸ್ತು.

ಉದ್ದ ಬಲ್ಬಾದರೆ ಒಂದು ತುದಿಯನ್ನು ಸ್ಪ್ರಿಂಗಿನ ವಿರುದ್ಧ ಒತ್ತಿ, ಇನ್ನೊಂದನ್ನು ಕೂರಿಸಿ, ಮೆಲ್ಲಗೆ ಒಮ್ಮೆ ತಿರುಗಿಸಿ. ಎರಡೂ ಕಡೆ ಸರಿಯಾಗಿ ಕೂತಿರಬೇಕು. ಪಿನ್ನಿನ ಬಲ್ಬನ್ನು ನೇರವಾಗಿ ಒತ್ತಿ, ಅಲ್ಲಾಡಿಸಿ ತುರುಕಬೇಡಿ. ಗಾಜು ಮುಚ್ಚಿ, ಸ್ಕ್ರೂ ಬಿಗಿ ಮಾಡಿ, ಏಣಿಯಿಂದ ಇಳಿದ ಮೇಲೆ ಕರೆಂಟು ಕೊಡಿ.

ಆಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು ಹೋದ ಕೂಡಲೇ ಹ್ಯಾಲೋಜನ್ ಸ್ವಿಚ್ ಆರಿಸಿಬಿಡಿ. ಬಂದು, ಹೋಗಿ, ಬಂದು ಆಟ ಆಡುವುದು ನಿಂತು ಎರಡು ನಿಮಿಷ ಆದ ಮೇಲೆ ಹಾಕಿ.

## ಎಲ್ಇಡಿಗೆ ಬದಲಾಗುವ ಮುಂಚೆ

ನನ್ನನ್ನು ಕೇಳಿದರೆ ಅಂಗಳಕ್ಕೆ ಇನ್ನು ಹ್ಯಾಲೋಜನ್ ಬೇಡ. 500 ವ್ಯಾಟ್ ರಾತ್ರಿಗೆ 12 ಗಂಟೆ ಉರಿದರೆ 6 ಯೂನಿಟ್, ತಿಂಗಳಿಗೆ 180. ಅದೇ ಬೆಳಕಿಗೆ ಸುಮಾರು 100 ವ್ಯಾಟಿನ ಎಲ್ಇಡಿ ಫ್ಲಡ್ ಲೈಟ್ ಸಾಕು, ತಿಂಗಳಿಗೆ 36 ಯೂನಿಟ್. ಮಳೆಗೆ ಒಡ್ಡುವುದಾದರೆ ಐಪಿ 65 (ಧೂಳು, ನೀರು ಒಳಗೆ ಹೋಗದ ಗುರುತು) ಅಂತ ಬರೆದದ್ದನ್ನೇ ತನ್ನಿ.

ಆದರೆ ಮೂರನೇ ಹಂತ ಮಾಡದೆ ಎಲ್ಇಡಿ ಹಾಕಬೇಡಿ. ರಾತ್ರಿ ವೋಲ್ಟೇಜ್ ಮಿತಿ ಮೀರುವ ಲೈನಿನಲ್ಲಿ ಅದರ ಡ್ರೈವರ್ (ಎಲ್ಇಡಿಗೆ ಬೇಕಾದ ಹಾಗೆ ಕರೆಂಟು ಕೊಡುವ ಭಾಗ) ಕೂಡ ಸುಡುತ್ತದೆ, ಹೋಗುವ ದುಡ್ಡು ಮಾತ್ರ ಬಲ್ಬಿಗಿಂತ ಜಾಸ್ತಿ. ಫಿಟ್ಟಿಂಗಿನ ಮೇಲೆ ತಡೆಯುವ ವೋಲ್ಟೇಜ್ ಬರೆದಿರುತ್ತದೆ, ನಿಮ್ಮ ಚೀಟಿಯ ಅತಿ ದೊಡ್ಡ ಅಂಕಿ ಅದರೊಳಗೆ ಇರಬೇಕು. 12 ವೋಲ್ಟಿನ ಹ್ಯಾಲೋಜನ್ ಜಾಗಕ್ಕೆ ಎಲ್ಇಡಿ ಹಾಕುವವರು ಚೋಕನ್ನೂ ಬದಲಾಯಿಸಿ. ಹಳೆ ಎಲೆಕ್ಟ್ರಾನಿಕ್ ಚೋಕಿಗೆ ಇಂತಿಷ್ಟು ಹೊರೆ ಬೇಕೇ ಬೇಕು. ಐದು ವ್ಯಾಟಿನ ಎಲ್ಇಡಿ ಅದಕ್ಕೆ ಸಾಲದೆ ಮಿಣಮಿಣ ಅನ್ನುತ್ತದೆ.

ಯಾವುದೇ ಹಾಕಿದರೂ ಫಿಟ್ಟಿಂಗಿನ ಹಿಂಬದಿಯಲ್ಲಿ ಮಾರ್ಕರಿನಿಂದ ತಾರೀಖು ಬರೆಯಿರಿ. ನಮ್ಮ ಕಣದ ಹಳೆ ಫಿಟ್ಟಿಂಗಿನ ಬೆನ್ನಿನ ಮೇಲೆ ಫೆಬ್ರವರಿಯ ಎರಡು, ಮಾರ್ಚಿನ ಒಂದು ತಾರೀಖು ಇನ್ನೂ ಕಾಣುತ್ತವೆ. ಅವುಗಳ ಕೆಳಗಿರುವುದು 240 ವೋಲ್ಟಿನ ಬಲ್ಬು ಹಾಕಿದ ದಿನದ್ದು. ಅದರ ಮುಂದಿನ ತಾರೀಖು ಬರೆದದ್ದು ಮುಂದಿನ ಕೊಯ್ಲಿನಲ್ಲಿ.